ಅರ್ಧ ಕೇಳಿಸಿದ ಮಾತು

ಕಳೆದ ಜೂನ್‌ನಲ್ಲಿ ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆ ನಾಲ್ಕು ದಿನ ಬಿಡದೆ ಮಳೆ ಸುರಿಯಿತು. ರೆಡ್ ಅಲರ್ಟ್ ಅಂತ ಕಲೆಕ್ಟರು ಶಾಲೆಗಳಿಗೆ ರಜೆ ಕೊಟ್ಟರು. ಮಂಗಳೂರಿನಲ್ಲೂ ರಜೆ. ಶನಿವಾರ ಬಂದು ಭಾನುವಾರ ಹೋಗಬೇಕಿದ್ದ ಮೊಮ್ಮಗಳು ಇಲ್ಲೇ ಉಳಿದಳು. ಕರೆಂಟು ಮೊದಲ ರಾತ್ರಿಯೇ ಹೋಗಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ಚಾರ್ಜೂ ಮುಗಿಯಿತು. ಆಮೇಲೆ ಅವಳ ಬ್ಯಾಗಿನಿಂದ ಒಂದು ಇಂಗ್ಲಿಷ್ ಪುಸ್ತಕ ಹೊರಗೆ ಬಂತು.

ನಾನು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆ. ಅವಳು ಗೋಡೆಗೆ ಒರಗಿ ಓದುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಕೇಳಿದಳು.

"ಅಜ್ಜೀ, ಮನೆ ಬಿಟ್ಟು ಹೋಗ್ಬೇಕು, ಒಂದೇ ಒಂದು ಆಟದ ಸಾಮಾನು ತಗೊಂಡು ಹೋಗ್ಬಹುದು ಅಂದ್ರೆ ನೀನು ಎಂತ ತಗೊಳ್ತಿದ್ದೆ?"

ನಾನು ಸಣ್ಣವಳಿದ್ದಾಗ ಆಟದ ಸಾಮಾನು ಅಂತ ಏನೂ ಇರಲಿಲ್ಲ, ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುತ್ತಿದ್ದೆವು ಅಂದೆ. ಅವಳಿಗೆ ಅದು ಉತ್ತರವಾಗಿ ಕಾಣಲಿಲ್ಲ.

"ಈ ಹುಡುಗಿ ತಪ್ಪು ಮಾಡಿದ್ಲು," ಅಂದಳು. "ಹೊಸ ನಾಯಿಗೊಂಬೆ ತಗೊಂಡ್ಲು. ಹಳೇ ಮೊಲ ಅಲ್ಲೇ ಬಿಟ್ಟಳು. ಇನ್ನು ಅದು ಸಿಗುದೇ ಇಲ್ಲ."

ಅದು ಜೂಡಿತ್ ಕೆರ್ ಬರೆದ 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್'. 1971ರಲ್ಲಿ ಬಂದದ್ದು. ಹಿಟ್ಲರ್ ಒಂದು ಗುಲಾಬಿ ಬಣ್ಣದ ಮೊಲವನ್ನು ಕದ್ದ ಕಾಲದ ಕಥೆ. 1933ರ ಬರ್ಲಿನ್. ಆನಾ ಎಂಬ ಒಂಬತ್ತು ವರ್ಷದ ಹುಡುಗಿ. ಯಹೂದಿ ಮನೆತನ. ತಂದೆ ಬರಹಗಾರ, ಹಿಟ್ಲರನ ವಿರುದ್ಧ ಬರೆದವರು. ಚುನಾವಣೆ ಹತ್ತಿರವಾಗುತ್ತಿದೆ. ಪೊಲೀಸ್ ಇಲಾಖೆಯಲ್ಲಿದ್ದ ಒಬ್ಬರು ಗುಟ್ಟಾಗಿ ಫೋನ್ ಮಾಡಿ, ನಿಮ್ಮ ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು ಅಂತ ಎಚ್ಚರಿಸುತ್ತಾರೆ. ತಂದೆ ರಾತ್ರೋರಾತ್ರಿ ಊರು ಬಿಡುತ್ತಾರೆ. ಬೆಳಿಗ್ಗೆ ಆನಾ ಎದ್ದಾಗ ಅಪ್ಪ ಮನೆಯಲ್ಲಿಲ್ಲ. ಯಾರಿಗೂ ಹೇಳಬಾರದು ಅಂತ ಅಮ್ಮ ಹೇಳುತ್ತಾಳೆ.

ಇದು ಬಹಳಷ್ಟು ಜೂಡಿತ್ ಕೆರ್ ಅವರದ್ದೇ ಕಥೆ. ಅವರ ತಂದೆ ಆಲ್ಫ್ರೆಡ್ ಕೆರ್ ಜರ್ಮನಿಯ ಹೆಸರಾಂತ ನಾಟಕ ವಿಮರ್ಶಕರಾಗಿದ್ದರು. ಮುಂದೆ ಅವರ ಪುಸ್ತಕಗಳನ್ನೂ ನಾಜಿಗಳು ಬೆಂಕಿಗೆ ಹಾಕಿದರು. ಎಷ್ಟೋ ವರ್ಷದ ಮೇಲೆ ಜೂಡಿತ್ ಅವರ ಮಗ ಒಂದು ಸಿನಿಮಾ ನೋಡಿ, ಅಮ್ಮನ ಬಾಲ್ಯ ಹೇಗಿತ್ತು ಅಂತ ಈಗ ಗೊತ್ತಾಯಿತು ಅಂದನಂತೆ. ಆ ಸಿನಿಮಾದಲ್ಲಿ ಹಾಡು, ಬೆಟ್ಟ, ಚಂದದ ಮಕ್ಕಳು. ಹಾಗಿರಲಿಲ್ಲ ಮಗಾ ಅಂತ ಹೇಳಲು ಆ ತಾಯಿ ಒಂದು ಪುಸ್ತಕ ಬರೆಯಬೇಕಾಯಿತು. ನನಗೆ ಈ ಸಂಗತಿ ಬಹಳ ಇಷ್ಟ.

ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದು ಪುಟ ಓದುವುದು, ಆಮೇಲೆ ನನಗೆ ಕನ್ನಡದಲ್ಲಿ ಹೇಳುವುದು. ಹೀಗೆ ಶುರುವಾಯಿತು. ನಾನು ಇಂಗ್ಲಿಷ್ ಓದಬಲ್ಲೆ. ಆದರೆ ಅವಳ ಬಾಯಿಂದ ಕೇಳುವ ಆಸೆ. ನಡುವೆ ಅವಳಿಗೆ ಶಬ್ದ ಸಿಗದಿದ್ದರೆ ತುಳು ಬರುತ್ತಿತ್ತು. ಆನಾಳ ಮನೆಯವರು ಸ್ವಿಟ್ಜರ್ಲೆಂಡಿಗೆ ಹೋಗುತ್ತಾರೆ, ಅಲ್ಲಿಂದ ಪ್ಯಾರಿಸ್, ಕೊನೆಗೆ ಲಂಡನ್. ಪ್ಯಾರಿಸ್ಸಿನ ಶಾಲೆಯಲ್ಲಿ ಅವಳಿಗೆ ಫ್ರೆಂಚ್ ಬರುವುದಿಲ್ಲ. ತಿಂಗಳುಗಟ್ಟಲೆ ಒದ್ದಾಡುತ್ತಾಳೆ. ಒಂದು ದಿನ ಇದ್ದಕ್ಕಿದ್ದ ಹಾಗೆ ಬಾಯಿಗೆ ಬಂದುಬಿಡುತ್ತದೆ. ಈ ಭಾಗ ಬಂದಾಗ ನನ್ನ ಕೈ ನಿಂತಿತು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಒಂದು, ಆಫೀಸಿನ ಅರ್ಜಿಯಲ್ಲಿ ಇನ್ನೊಂದು. ತುಟಿ ಬಿಗಿಹಿಡಿದು ಕೂರುವ ಮಗುವಿನ ಮುಖ ನನಗೆ ಚೆನ್ನಾಗಿ ಗೊತ್ತು. ನಮ್ಮ ಕಾಸರಗೋಡಿನ ಕಥೆಯನ್ನು ಆನಾಳ ಕಥೆಗೆ ಹೋಲಿಸುವುದು ಸರಿಯಲ್ಲ, ಹೋಲಿಸುತ್ತಲೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮವರು ಎಲ್ಲಿಗೂ ಓಡಬೇಕಾಗಲಿಲ್ಲ. ಮನೆ, ತೋಟ ಅಲ್ಲೇ ಉಳಿಯಿತು, ರಾಜ್ಯ ಬದಲಾಯಿತು ಅಷ್ಟೆ. ಆದರೆ ಬಾಯಿಗೆ ಬಾರದ ಭಾಷೆಯ ಎದುರು ಕೂತ ಮಗುವಿನ ಸಂಕಟ ಎಲ್ಲಿದ್ದರೂ ಸಂಕಟವೇ.

ಸಮಾಜ ಪಾಠದಲ್ಲಿ ಹಿಟ್ಲರನ ಭಾಗವನ್ನು ನಾನು ಎಷ್ಟು ಸಲ ಮಾಡಿದ್ದೇನೋ. 1933ರ ಜನವರಿ 30ಕ್ಕೆ ಚಾನ್ಸಲರ್ ಆದ. ಫೆಬ್ರವರಿ 27ಕ್ಕೆ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆ. ಮಾತಾಡುವ, ಬರೆಯುವ, ಸಭೆ ಸೇರುವ ಹಕ್ಕುಗಳೆಲ್ಲ ಹೋದವು. ಮಾರ್ಚ್ 5ಕ್ಕೆ ಚುನಾವಣೆ. ಮಾರ್ಚ್ 23ಕ್ಕೆ ಪಾರ್ಲಿಮೆಂಟೇ ಮತ ಹಾಕಿ ತನ್ನ ಅಧಿಕಾರವನ್ನು ಅವನ ಕೈಗೆ ಕೊಟ್ಟಿತು. ಎಲ್ಲ ಸೇರಿ ಎರಡು ತಿಂಗಳೂ ಆಗಲಿಲ್ಲ. ಈ ತಾರೀಕುಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆಯುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಸರಿ ಅಂತ ಗೆರೆ ಎಳೆಯುತ್ತಿದ್ದೆ.

ಆದರೆ ಆ ಎರಡು ತಿಂಗಳನ್ನು ಬದುಕಿದವರಿಗೆ ಅದು ಪಟ್ಟಿಯ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಹಾಲು ಬರುತ್ತಿತ್ತು. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಕಾದಂಬರಿ ಇರುವುದು ಈ ಜಾಗದಲ್ಲಿ. ಆನಾಳಿಗೆ ಗೊತ್ತಿರುವುದು ಅಪ್ಪನಿಗೆ ಜ್ವರ, ಅಮ್ಮ ಸಿಡಿಮಿಡಿ ಮಾಡುತ್ತಾಳೆ, ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ ಅನ್ನುವುದಷ್ಟೆ. ಓದುವ ನಮಗೆ ಮುಂದಿನ ಹನ್ನೆರಡು ವರ್ಷದ್ದೂ ಗೊತ್ತು. ಅವಳಿಗೆ ನಾಳೆಯದ್ದು ಗೊತ್ತಿಲ್ಲ. ಬೇಗ ಹೋಗು ಮಗಾ, ಆ ಮೊಲ ತಗೋ, ತಿರುಗಿ ನೋಡಬೇಡ ಅಂತ ಕೂಗಬೇಕು ಅನ್ನಿಸುತ್ತದೆ. ಆದರೆ ಅವಳು ನಿಧಾನಕ್ಕೆ ಗೊಂಬೆ ಆರಿಸುತ್ತಾ ಕೂತಿದ್ದಾಳೆ.

ಆಮೇಲೆ ಮೊಮ್ಮಗಳು ಇಂಥವೇ ಮೂರ್ನಾಲ್ಕು ಪುಸ್ತಕ ತಂದುಕೊಟ್ಟಳು. ಮಳೆಗಾಲ ಮುಗಿಯುವವರೆಗೂ ಅವುಗಳನ್ನೇ ಓದಿದೆ. ಕೆಲವು ನನಗೆ ಹಿಡಿಸಲಿಲ್ಲ. ಹದಿಮೂರು ವರ್ಷದ ಹುಡುಗ ಒಬ್ಬನೇ ಸೈನಿಕರನ್ನೆಲ್ಲ ಏಮಾರಿಸಿ ಊರು ಉಳಿಸುವ ಕಥೆ ಓದಲು ಮಜಾ ಇದೆ. ಆದರೆ ಅದು ಮಕ್ಕಳ ಹೆಗಲ ಮೇಲೆ ದೊಡ್ಡವರ ಹೊರೆ ಹೊರಿಸುತ್ತದೆ. ಒಳ್ಳೆಯ ಪುಸ್ತಕಗಳು ಹಾಗೆ ಮಾಡುವುದಿಲ್ಲ. ಅವು ಒಂದು ಸಣ್ಣ ಸಾಮಾನನ್ನು ತೋರಿಸುತ್ತವೆ. ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಸೆಸ್ಕು ಕಾಲದಲ್ಲಿ, 1983ರಿಂದ, ಮನೆಯಲ್ಲಿ ಟೈಪ್‌ರೈಟರ್ ಇದ್ದರೆ ಪೊಲೀಸರಲ್ಲಿ ನೋಂದಾಯಿಸಬೇಕಿತ್ತು. ಅದರ ಅಕ್ಷರಗಳ ಮಾದರಿಯನ್ನೂ ಕೊಡಬೇಕಿತ್ತು. ಡೊಮಿನಿಕನ್ ರಿಪಬ್ಲಿಕ್ಕಿನಲ್ಲಿ ಟ್ರುಹಿಯೊ ಎಂಬ ಸರ್ವಾಧಿಕಾರಿ 1930ರಿಂದ 1961ರವರೆಗೆ ಆಳಿದ. ಅಲ್ಲಿ ಮನೆಮನೆಯ ಗೋಡೆಯಲ್ಲೂ, ಈ ಮನೆಯಲ್ಲಿ ಟ್ರುಹಿಯೊನೇ ಯಜಮಾನ ಅನ್ನುವ ಫಲಕ ನೇತಾಡುತ್ತಿತ್ತು. ಅಕ್ಷರ ಕಲಿಯುವ ಮಗು ಮೊದಲು ಕೂಡಿಸಿ ಓದುವುದು ಮನೆಯ ಗೋಡೆಯ ಮೇಲೆ ಬರೆದದ್ದನ್ನು ಅಲ್ವಾ? ಅಪ್ಪ ಪಕ್ಕದಲ್ಲೇ ಕೂತಿರುವಾಗ, ಈ ಮನೆಯ ಯಜಮಾನ ಬೇರೆ ಯಾರೋ ಅಂತ ಆ ಮಗು ಓದುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಮೇಷ್ಟರ ಕೆಲಸ ಮಾಡಿದವರಿಗೆ ಇದು ಚುಚ್ಚುತ್ತದೆ. ಹಿಟ್ಲರನ ಹುಡುಗರ ಸಂಘ, ಹಿಟ್ಲರ್ ಯೂತ್, 1933ರ ಶುರುವಿನಲ್ಲಿ ಹೆಚ್ಚುಕಡಿಮೆ 1 ಲಕ್ಷ ಮಕ್ಕಳದ್ದಾಗಿತ್ತು. ವರ್ಷದ ಕೊನೆಗೆ 20 ಲಕ್ಷ ದಾಟಿತು. ಎಲ್ಲರನ್ನೂ ಹೊಡೆದು ಬಡಿದು ಸೇರಿಸಿದ್ದಲ್ಲ. ಬೇರೆ ಸಂಘಗಳನ್ನು ಮುಚ್ಚಿಸಿದ್ದು ನಿಜ, ಒತ್ತಡ ಇದ್ದದ್ದೂ ನಿಜ. ಆದರೆ ಡೋಲು ಇತ್ತು, ಬಾವುಟ ಇತ್ತು, ಕಾಡಿನಲ್ಲಿ ಬೆಂಕಿ ಹಾಕಿ ಹಾಡು ಇತ್ತು. ನಾನು ಎಷ್ಟು ವರ್ಷ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ ಮಾರ್ಚ್ ಮಾಡಿಸಿದ್ದೇನೆ! ತರಗತಿಯಲ್ಲಿ ಬಾಯಿ ಬಿಡದ ಹುಡುಗ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿ ಸಾಲಿನಲ್ಲಿ ನಿಂತಾಗ ಅವನ ಮುಖ ಹೇಗೆ ಹೊಳೆಯುತ್ತದೆ ಅಂತ ನೋಡಿದ್ದೇನೆ. ಎಲ್ಲರ ಜೊತೆ ಹೆಜ್ಜೆ ಹಾಕುವುದು ಮಗುವಿಗೆ ನಿಜವಾದ ಸಂತೋಷ. ಆ ಸಂತೋಷವನ್ನು ಯಾರು ಯಾವ ಕಡೆಗೆ ತಿರುಗಿಸುತ್ತಾರೆ ಅನ್ನುವುದರ ಮೇಲೆ ಎಲ್ಲ ಇದೆ. ಈ ಖುಷಿಯನ್ನು ಮುಚ್ಚಿಡದೆ ಬರೆದ ಒಂದು ಕಾದಂಬರಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರ ಹುಡುಗ ಕೆಟ್ಟವನಲ್ಲ. ನನ್ನ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವನ ಹಾಗೇ ಇದ್ದಾನೆ.

ಆ ಮಳೆಯ ಮೂರನೇ ದಿನ ಮೊಮ್ಮಗಳು ಕೇಳಿದ್ದು ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ. "ಉಳಿದವರು ಯಾಕೆ ಮೊದಲೇ ಹೋಗ್ಲಿಲ್ಲ ಅಜ್ಜೀ? ಗೊತ್ತಾಗ್ಲಿಲ್ವಾ ಅವರಿಗೆ?"

ನಾನು ಅವಳನ್ನು ತೋಟದ ಕಡೆ ತಿರುಗಿಸಿದೆ. ಕೆಳಗಿನ ತುಂಡಿನಲ್ಲಿ ಮೂರು ವರ್ಷದ ಹಿಂದೆ ನೆಟ್ಟ ಸಸಿಗಳಿವೆ. "ಇದು ಫಸಲು ಕೊಡ್ಲಿಕ್ಕೆ ಇನ್ನೂ ಎರಡು ಮೂರು ವರ್ಷ ಬೇಕು. ನಾಳೆ ಯಾರಾದರೂ ಬಂದು ಇದನ್ನೆಲ್ಲ ಬಿಟ್ಟು ಹೋಗಿ ಅಂದ್ರೆ ನಿನ್ನ ಅಜ್ಜ ಹೋಗ್ತಾರಾ?" ಅಂದೆ. "ಇಲ್ಲ," ಅಂದಳು. ಸ್ವಲ್ಪವೂ ಯೋಚಿಸಲಿಲ್ಲ. ಗಿಡ ನೆಟ್ಟವರು, ಅಂಗಡಿ ಇಟ್ಟವರು, ಮಗಳ ಮದುವೆ ಗೊತ್ತು ಮಾಡಿದವರು ಈ ವರ್ಷ ಕಳೆಯಲಿ ಅನ್ನುತ್ತಾರೆ. ಮುಂದಿನ ವರ್ಷ ಸರಿಹೋದೀತು ಅನ್ನುತ್ತಾರೆ. ಜರ್ಮನಿಯಲ್ಲೂ ಹಾಗೇ ಅಂದುಕೊಂಡವರು ಬಹಳ ಜನ. ಜೊತೆಗೆ, ಹೊರಡಲು ಹಣ ಬೇಕು, ಒಳಗೆ ಬಿಟ್ಟುಕೊಳ್ಳುವ ಒಂದು ದೇಶವೂ ಬೇಕು. ಎಷ್ಟೋ ದೇಶಗಳು ಬಾಗಿಲು ಹಾಕಿಕೊಂಡಿದ್ದವು.

"ಹಾಗಾದ್ರೆ ನಮ್ಮಲ್ಲಿ ಹೀಗೆಲ್ಲ ಆಗಿದ್ದುಂಟಾ?"

ಇದಕ್ಕೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಅಡಿಕೆಯ ಗೋಣಿ ಪಕ್ಕಕ್ಕೆ ಸರಿಸಿ ಎದ್ದೆ. ಜಗಲಿಯ ಕಂಬದಲ್ಲಿ ಒಂದು ಹಳೆಯ ಮೊಳೆ ಇದೆ. ಮನೆಗೆ ಎಷ್ಟು ಸಲ ಸುಣ್ಣ ಬಣ್ಣ ಆದರೂ ಅದನ್ನು ಕೀಳಿಸಲಿಲ್ಲ. ಅದರಲ್ಲಿ ಒಂದು ಕೊಡೆ ನೇತಾಡುತ್ತಿತ್ತು ಅಂತ ಅವಳಿಗೆ ಹೇಳಿದೆ.

ನನಗೆ ಆಗ ಎಂಟು ವರ್ಷ. ನನ್ನ ಅಜ್ಜ ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮಂಗಳೂರಿನಿಂದ ಬಸ್ಸಿನಲ್ಲಿ ಪತ್ರಿಕೆ ಬರಬೇಕು, ಬಸ್‌ಸ್ಟಾಪಿಗೆ ಹೋಗಿ ತರಬೇಕು. ಬರುವಾಗ ಮಧ್ಯಾಹ್ನ ಆಗುತ್ತಿತ್ತು. ಸಂಜೆ ನಾಲ್ಕಾರು ಜನ ಜಗಲಿಯಲ್ಲಿ ಸೇರುತ್ತಿದ್ದರು. ಅಜ್ಜ ಓದುವುದು, ಉಳಿದವರು ಕೇಳುವುದು, ಆಮೇಲೆ ಚರ್ಚೆ. ಹೆಚ್ಚು ಚರ್ಚೆ ಮಾಡುವವರು ಒಬ್ಬ ಮಾಷ್ಟ್ರು. ಗುಡ್ಡದ ಆಚೆ ಬಾಡಿಗೆಗೆ ಇದ್ದರು. ಅಜ್ಜನಿಗೂ ಅವರಿಗೂ ಒಂದು ವಿಷಯದಲ್ಲೂ ಒಮ್ಮತ ಇರಲಿಲ್ಲ. ಆದರೂ ಅವರು ಬಾರದಿದ್ದರೆ ಅಜ್ಜ ಓದಲು ಶುರು ಮಾಡುತ್ತಿರಲಿಲ್ಲ. ನನಗೆ ಅವರ ಮೇಲೆ ಪ್ರೀತಿ. ಜೇಬಿನಲ್ಲಿ ಯಾವಾಗಲೂ ನೆಲಗಡಲೆ ಮಿಠಾಯಿ ಇರುತ್ತಿತ್ತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಆ ತಾರೀಕು ನನಗೆ ಆಮೇಲೆ ಪುಸ್ತಕದಿಂದ ಗೊತ್ತಾದದ್ದು. ನನಗೆ ನೆನಪಿರುವುದು ಇಷ್ಟೆ: ಒಂದು ಸಂಜೆ ಮಳೆ ಬಿಟ್ಟಿತ್ತು. ಮಾಷ್ಟ್ರು ಹೊರಡುವಾಗ ಕೊಡೆ ಮರೆತರು. ಕಪ್ಪು ಬಟ್ಟೆಯ ದೊಡ್ಡ ಕೊಡೆ, ಬೆತ್ತದ ಹಿಡಿ. ಹಿಡಿಯ ತುದಿಯಲ್ಲಿ ಕೆಂಪು ನೂಲು ಸುತ್ತಿತ್ತು, ಬೇರೆಯವರದ್ದರ ಜೊತೆ ಅದಲು ಬದಲಾಗಬಾರದು ಅಂತ. ನಾನು ಅದನ್ನು ಹಿಡಿದುಕೊಂಡು ಮೆಟ್ಟಿಲವರೆಗೆ ಓಡಿದೆ. ಅವರು ಆಗಲೇ ಗುಡ್ಡದ ದಾರಿ ಹತ್ತಿದ್ದರು. ಇರಲಿ, ನಾಳೆ ಬರ್ತಾರಲ್ಲ ಅಂತ ಅಮ್ಮ ಅದನ್ನು ಮೊಳೆಗೆ ಸಿಕ್ಕಿಸಿದರು.

ನಾಳೆ ಅವರು ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಮಾಷ್ಟ್ರು ಎಲ್ಲಿ ಅಂತ ಕೇಳಿದರೆ "ಊರಿಗೆ ಹೋಗಿದ್ದಾರೆ" ಅಂದರು. ಎಲ್ಲರೂ ಒಂದೇ ಮಾತು. ಅಮ್ಮ, ದೊಡ್ಡಮ್ಮ, ಕೆಲಸಕ್ಕೆ ಬರುವವರು ಕೂಡ. ರಾತ್ರಿ ಒಳಗಿನ ಕೋಣೆಯಲ್ಲಿ ಅಪ್ಪ, ಅಜ್ಜ ಮಾತಾಡುವುದು ಕೇಳಿಸಿತು. "ಕಣ್ಣೂರು" ಅನ್ನುವ ಒಂದು ಶಬ್ದ ಗೊತ್ತಾಯಿತು. ಮಾಷ್ಟ್ರ ಊರು ಕಣ್ಣೂರು ಅಂತ ನಾನು ತಿಳಿದುಕೊಂಡೆ. ಕಣ್ಣೂರಿನಲ್ಲಿ ಇರುವುದು ಸೆಂಟ್ರಲ್ ಜೈಲು ಅಂತ ನನಗೆ ಯಾರೂ ಹೇಳಲಿಲ್ಲ.

ಅಜ್ಜ ಪತ್ರಿಕೆ ತರುವುದನ್ನು ಬಿಡಲಿಲ್ಲ. ಆದರೆ ಗಟ್ಟಿಯಾಗಿ ಓದುವುದನ್ನು ಬಿಟ್ಟರು. ಒಬ್ಬರೇ ಕೂತು, ತುಟಿ ಮಾತ್ರ ಆಡಿಸುತ್ತಾ ಓದಿ, ಮಡಚಿ ಇಡುತ್ತಿದ್ದರು. ಸಂಜೆ ಬರುವವರು ಬರುತ್ತಿದ್ದರು. ಮಳೆಯ ಮಾತು, ಅಡಿಕೆ ರೇಟಿನ ಮಾತು, ಕೊಳೆರೋಗದ ಮಾತು. ಯಾರ ಕಣ್ಣೂ ಆ ಕೊಡೆಯ ಕಡೆ ಹೋಗುತ್ತಿರಲಿಲ್ಲ. ಅಮ್ಮ ವಾರಕ್ಕೊಮ್ಮೆ ಅದರ ಧೂಳು ಕೊಡವಿ ಮತ್ತೆ ಅಲ್ಲೇ ಸಿಕ್ಕಿಸುತ್ತಿದ್ದರು. ಒಂದು ದಿನ ಶಾಲೆಗೆ ಹೊರಡುವಾಗ ಜೋರು ಮಳೆ, ನನ್ನ ಕೊಡೆಯ ಕಡ್ಡಿ ಮುರಿದಿತ್ತು. ನಾನು ಆ ಕೊಡೆಗೆ ಕೈ ಹಾಕಿದೆ. ಅಜ್ಜ ನನಗೆ ಯಾವತ್ತೂ ಬೈದವರಲ್ಲ. ಅವತ್ತು "ಮುಟ್ಟಬೇಡ!" ಅಂತ ಕೂಗಿದರು. ಎರಡು ಮಳೆಗಾಲ ಅದು ಅಲ್ಲೇ ನೇತಾಡಿತು.

ಇಷ್ಟು ಹೇಳುವಾಗ ನನಗೇ ಒಂದು ವಿಷಯ ಹೊಳೆಯಿತು. ಆನಾಳಿಗೆ ಅಪ್ಪ ಇಲ್ಲದ ಬೆಳಿಗ್ಗೆ ಹೇಗೆ ಕಂಡಿತೋ, ನನಗೆ ಆ ಸಂಜೆಗಳು ಹಾಗೇ ಕಂಡಿದ್ದವು. ಬಾಗಿಲ ಹಿಂದಿನಿಂದ ಅರ್ಧ ಕೇಳಿಸಿದ ಮಾತು. ಉಳಿದರ್ಧ ಏನು ಅಂತ ಯಾರೂ ಹೇಳುವುದಿಲ್ಲ. ಕೇಳಬಾರದು ಅಂತ ಮಾತ್ರ ಹೇಗೋ ಗೊತ್ತಾಗುತ್ತದೆ. ಐವತ್ತು ವರ್ಷ ನಾನು ಇದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಆಡುವಂಥದ್ದು ಏನಿದೆ, ಒಂದು ಕೊಡೆ ತಾನೇ ಅಂದುಕೊಂಡಿದ್ದೆ. ದೂರದ ಬರ್ಲಿನ್ನಿನ ಒಂದು ಮೊಲ ಬಂದು ಆ ಕೊಡೆಯನ್ನು ಬಿಚ್ಚಿಸಬೇಕಾಯಿತು. ಮಕ್ಕಳಿಗೆಂದು ಬರೆದ ಕಾದಂಬರಿಯ ಬಲ ಇದು. ಇತಿಹಾಸದ ಪುಸ್ತಕ ಪೂರ್ತಿ ಮಾತನ್ನು ಕೊಡುತ್ತದೆ, ಅದು ಬೇಕೇ ಬೇಕು. ಆದರೆ ಬದುಕುವಾಗ ನಮಗೆ ಸಿಗುವುದು ಅರ್ಧ ಮಾತು. ಆ ಅರ್ಧ ಮಾತಿನ ಗುರುತು ಹಿಡಿಯುವುದನ್ನು ಈ ಕಾದಂಬರಿಗಳು ಕಲಿಸುತ್ತವೆ. ಎಲ್ಲರೂ ಒಂದೇ ಉತ್ತರ ಕೊಡುವಾಗ, ದಿನಾ ಗಟ್ಟಿಯಾಗಿ ಓದುವವರು ಮನಸ್ಸಿನಲ್ಲೇ ಓದಲು ಶುರು ಮಾಡಿದಾಗ, ಏನೋ ಆಗಿದೆ ಅಂತ ಅರ್ಥ.

ತುರ್ತು ಪರಿಸ್ಥಿತಿ ಹಿಟ್ಲರನ ಕಾಲ ಅಲ್ಲ. ಮೊಮ್ಮಗಳಿಗೂ ಅದನ್ನು ಸ್ಪಷ್ಟವಾಗಿ ಹೇಳಿದೆ. 1977ರ ಮಾರ್ಚ್ 21ಕ್ಕೆ ಅದು ಮುಗಿಯಿತು, ಚುನಾವಣೆ ನಡೆದು ಸರ್ಕಾರ ಬದಲಾಯಿತು. ಆದರೆ ಆ 21 ತಿಂಗಳಲ್ಲಿ ಹೋದ ಜೀವ ತಿರುಗಿ ಬರಲಿಲ್ಲ. 'ಸಂಸ್ಕಾರ'ದಲ್ಲಿ ನಟಿಸಿದ್ದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನದಲ್ಲೇ, 1977ರ ಜನವರಿಯಲ್ಲಿ ತೀರಿಕೊಂಡರು. ನಮ್ಮದೇ ಕೇರಳದಲ್ಲಿ ಕೋಯಿಕ್ಕೋಡಿನ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು 1976ರ ಮಾರ್ಚ್ 1ರಂದು ಪೊಲೀಸರು ಹಿಡಿದುಕೊಂಡು ಹೋದರು. ಕಕ್ಕಯಂನ ಪೊಲೀಸ್ ಶಿಬಿರದಲ್ಲಿ ಚಿತ್ರಹಿಂಸೆಗೆ ಆ ಹುಡುಗ ಸತ್ತ. ತಂದೆ ಈಚರ ವಾರಿಯರ್ ಮಗ ಎಲ್ಲಿ ಅಂತ ಬಾಗಿಲು ಬಾಗಿಲು ಅಲೆದರು. ಹೆಣ ಕೂಡ ಸಿಗಲಿಲ್ಲ.

ಮೊಮ್ಮಗಳು ನಂಬಲು ಕಷ್ಟಪಟ್ಟದ್ದು ಇದರ ಮುಂದಿನದ್ದನ್ನು. 1977ರ ಆ ಚುನಾವಣೆಯಲ್ಲಿ ಉತ್ತರ ಭಾರತ ಪೂರ್ತಿ ತಿರುಗಿ ಬಿತ್ತು. ಕೇರಳದಲ್ಲಿ ಲೋಕಸಭೆಯ 20ಕ್ಕೆ 20 ಸೀಟನ್ನೂ ಆಳುವ ಕೂಟವೇ ಗೆದ್ದಿತು. ರಾಜನ್ ಸಂಗತಿ ಹೈಕೋರ್ಟಿನಲ್ಲಿ ಹೊರಗೆ ಬಂದದ್ದು ಆಮೇಲೆ. ಮುಖ್ಯಮಂತ್ರಿ ಕರುಣಾಕರನ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಮತ ಹಾಕುವಾಗ ಎಷ್ಟು ಜನರಿಗೆ ಆ ಹುಡುಗನ ಹೆಸರು ಗೊತ್ತಿತ್ತು? ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಆಫೀಸಿನಲ್ಲಿ ಜನ ಇರುತ್ತಿದ್ದರು ಅಂತ ಹೇಳುವವರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೇಳಿಸಿದ್ದು ಆ ಅರ್ಧ.

ಮಾಷ್ಟ್ರು ತಿರುಗಿ ಬಂದರು. 1977ರ ಬೇಸಿಗೆ. ತಲೆ ಪೂರ್ತಿ ನೆರೆತಿತ್ತು. ಅಮ್ಮ ಒಳಗೆ ಹೋಗಿ ಬೆಲ್ಲ, ನೀರು ತಂದರು. ಅಜ್ಜ ಕೊಡೆಯನ್ನು ಮೊಳೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವರು ಬಿಡಿಸಿ ನೋಡಿದರು. ಕಡ್ಡಿಗಳಿಗೆ ತುಕ್ಕು ಹಿಡಿದಿತ್ತು. ಮಡಿಕೆಗಳ ಉದ್ದಕ್ಕೂ ಬಟ್ಟೆ ಸೀಳಿತ್ತು. ಕೆಂಪು ನೂಲು ಹಾಗೇ ಇತ್ತು. ಇಬ್ಬರೂ ಏನೂ ಮಾತಾಡಲಿಲ್ಲ.

ಅದಾಗಿ ನಾಲ್ಕೈದು ವರ್ಷಕ್ಕೆ ಅವರೇ ನನಗೆ ನಿರಂಜನರ 'ಚಿರಸ್ಮರಣೆ' ಕೊಟ್ಟರು. ಕಯ್ಯೂರಿನ ರೈತರ ಕಥೆ, ನಮ್ಮದೇ ಜಿಲ್ಲೆಯದ್ದು, ಕನ್ನಡದಲ್ಲಿ 1955ರಲ್ಲೇ ಬಂದದ್ದು. ನಿಜವಾದ ಕಯ್ಯೂರಿನ ನಾಲ್ಕು ಯುವಕರನ್ನು ಬ್ರಿಟಿಷ್ ಸರ್ಕಾರ 1943ರ ಮಾರ್ಚ್ 29ರಂದು ಅದೇ ಕಣ್ಣೂರು ಜೈಲಿನಲ್ಲಿ ಗಲ್ಲಿಗೆ ಹಾಕಿತು. ಇನ್ನೊಬ್ಬ ಹುಡುಗ ಪ್ರಾಯ ಸಾಲದು ಅನ್ನುವ ಕಾರಣಕ್ಕೆ ಮಾತ್ರ ಉಳಿದ. ಹದಿನೈದರ ನನಗೆ ಆ ಪುಸ್ತಕ ಹಿಡಿಸಿತ್ತು, ಅತ್ತಿದ್ದೆ ಕೂಡ. ಯಾಕೆ ಅವರು ನನಗೆ ಅದನ್ನೇ ಕೊಟ್ಟರು ಅಂತ ಮಾತ್ರ ಕೇಳಲಿಲ್ಲ. ಜೈಲಿನಲ್ಲಿ ಹೇಗಿತ್ತು ಅಂತಲೂ ಕೇಳಲಿಲ್ಲ. ಅವರು ಹೇಳಲು ಸಿದ್ಧರಿದ್ದರೇನೋ. ಒಂದು ಪುಸ್ತಕ ಕೈಗಿಟ್ಟು ಕಾದಿದ್ದರೇನೋ. ಈಗ ಅವರಿಲ್ಲ.

'ಚಿರಸ್ಮರಣೆ' ಈಗ ಮಂಗಳೂರಿನಲ್ಲಿದೆ. ಮೊಮ್ಮಗಳು ತೆಗೆದುಕೊಂಡು ಹೋಗಿದ್ದಾಳೆ. ಕನ್ನಡದಲ್ಲಿ ಅವಳ ಓದು ನಿಧಾನ. ದಿನಕ್ಕೆ ಎರಡು ಪುಟ ಅಂತ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಾಳೆ.

ನಾಲ್ಕನೇ ದಿನ ಮಳೆ ಕಮ್ಮಿಯಾಯಿತು. ಸಂಜೆ ಕರೆಂಟು ಬಂತು. ಮೊಬೈಲ್ ಚಾರ್ಜಿಗೆ ಇಟ್ಟು ಬಂದು ಅವಳು ಆ ಕಂಬದ ಹತ್ತಿರ ನಿಂತಳು. ಮೊಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಆಮೇಲೆ ನಿನ್ನ ಅಜ್ಜ ಮತ್ತೆ ಗಟ್ಟಿಯಾಗಿ ಓದಿದ್ರಾ?"

ಓದಿದರು. ಮಾಷ್ಟ್ರು ಬಂದ ಮರುದಿನವೇ ಶುರು ಮಾಡಿದರು. ಸಾಯುವವರೆಗೂ ಓದಿದರು. ಆದರೆ ಪತ್ರಿಕೆ ಬಿಡಿಸುವ ಮುಂಚೆ ಒಮ್ಮೆ ಕತ್ತು ಉದ್ದ ಮಾಡಿ ಅಂಗಳದಾಚೆಯ ದಾರಿ ನೋಡುತ್ತಿದ್ದರು. ಆ ಅಭ್ಯಾಸ ಕೊನೆವರೆಗೂ ಹೋಗಲಿಲ್ಲ.